ಬ್ಯಾಗು ಕಾಯಲು ಅಷ್ಟು ದೂರ ಹೋಗಬೇಡಿ

ಅಮೆರಿಕದಿಂದ ಮಗಳೋ ಮಗನೋ ಫೋನ್ ಮಾಡಿ, “ಈ ಸಲ ನೀವು ಬಂದಾಗ ಎಲ್ಲರೂ ಸೇರಿ ಫ್ಲಾರಿಡಾಕ್ಕೆ ಹೋಗೋಣ, ಡಿಸ್ನಿ ವರ್ಲ್ಡ್ ನೋಡೋಣ, ಅತ್ತೆ ಮಾವನೂ ಬರ್ತಾರೆ, ಅಣ್ಣನ ಮನೆಯವರೂ ಬರ್ತಾರೆ” ಎಂದಾಗ ನೀವು ಏನಂದಿರಿ ಎಂದು ನಾನು ಕೂತಲ್ಲಿಂದಲೇ ಹೇಳಬಲ್ಲೆ. “ಅದೆಲ್ಲ ಮಕ್ಕಳ ಆಟ ಕಣಮ್ಮ, ನೀವು ಹೋಗಿ ಬನ್ನಿ, ನಾವು ಮನೆ ನೋಡಿಕೊಂಡಿರ್ತೀವಿ.” ಅವರು ಬಿಡದೆ ಒತ್ತಾಯ ಮಾಡಿದ ಮೇಲೆ, “ಸರಿ, ಬರ್ತೀವಿ. ಆದರೆ ನಮಗೇನೂ ಬೇಡ. ಎಲ್ಲಾದರೂ ನೆರಳಲ್ಲಿ ಕೂತು ನಿಮ್ಮ ಬ್ಯಾಗುಗಳನ್ನು ನೋಡಿಕೊಳ್ತೀವಿ” ಎಂದಿರುತ್ತೀರಿ.

ಮೊದಲನೆಯ ಮಾತನ್ನು ಕ್ಷಮಿಸುತ್ತೇನೆ. ಎರಡನೆಯದಕ್ಕೆ ಮಾತ್ರ ನಿಮ್ಮನ್ನು ಬೈಯಲೇಬೇಕು. ಯಾಕೆಂದರೆ ನಮ್ಮ ಮನೆಯವರು ಮೊದಲ ಸಲ ಹೋದಾಗ ಹಾಗೇ ಮಾಡಿದರು. ನಾವು ಹನ್ನೊಂದು ಜನ. ಬೆಳಗ್ಗೆ ಒಂಬತ್ತಕ್ಕೆ ಒಳಗೆ ಹೋದದ್ದೇ ತಡ, ಒಂದು ಬೆಂಚು ಹಿಡಿದು ಕೂತರು. ಪಕ್ಕದಲ್ಲಿ ಆರು ಬ್ಯಾಗು, ಮಗುವಿನ ತಳ್ಳುಗಾಡಿ, ಯಾರದೋ ಸ್ವೆಟರು, ಒಂದು ಬಲೂನು. ನಾವು ಒಂದೊಂದು ಆಟಕ್ಕೆ ಹೋಗಿ ಬರುವಾಗಲೂ ನಗುತ್ತಲೇ ಇದ್ದರು. ರಾತ್ರಿ ಹೋಟೆಲಿನಲ್ಲಿ ಅಳಿಯ ಆ ದಿನದ ಫೋಟೊಗಳನ್ನೆಲ್ಲ ಟಿವಿಗೆ ಹಾಕಿ ತೋರಿಸಿದ. ಎಲ್ಲರೂ ಇದ್ದೆವು, ಅವರೊಬ್ಬರು ಒಂದರಲ್ಲೂ ಇರಲಿಲ್ಲ. ಆರು ವರ್ಷದ ಮೊಮ್ಮಗಳು ತಿರುಗಿ, “ತಾತ, ನೀನು ಇವತ್ತು ಬಂದಿರ್ಲಿಲ್ವಾ?” ಎಂದಳು. ಅವರು ನಕ್ಕು, ಮುಖ ತೊಳೆದು ಬರುತ್ತೇನೆಂದು ಎದ್ದು ಹೋದರು. ಬಾತ್‌ರೂಮಿನ ನಲ್ಲಿ ತುಂಬ ಹೊತ್ತು ಸುರಿಯುತ್ತಲೇ ಇತ್ತು.

ಬ್ಯಾಗು ಕಾಯಲು ಅಲ್ಲಿ ಲಾಕರುಗಳಿವೆ, ಬಾಡಿಗೆ ಕೊಟ್ಟರಾಯಿತು. ಅದಕ್ಕಿಂತ ಮೊದಲು ಅಷ್ಟೊಂದು ಬ್ಯಾಗನ್ನು ಒಳಗೆ ಒಯ್ಯುವುದನ್ನೇ ಬಿಡಿಸಿ. ಒಂದು ಸಂಸಾರಕ್ಕೆ ಒಂದು ಬೆನ್ನುಚೀಲ ಎಂದು ನೀವೇ ನಿಯಮ ಮಾಡಿ. ಹಿರಿಯರು ಹೇಳಿದರೆ ಕೇಳುತ್ತಾರೆ.

ಇನ್ನು ‘ಮಕ್ಕಳ ಆಟ’ ಎಂದಿರಲ್ಲ, ಆ ಜಾಗದ ಕತೆ ಸ್ವಲ್ಪ ಕೇಳಿ. ಫ್ಲಾರಿಡಾದಲ್ಲಿ ಭೂಮಿ ಕೊಂಡು ಕನಸು ಕಂಡವರು ವಾಲ್ಟ್ ಡಿಸ್ನಿ. ಆದರೆ ಕಟ್ಟುವ ಮೊದಲೇ, 1966ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಅಣ್ಣ ರಾಯ್ ಎಂಟು ವರ್ಷ ದೊಡ್ಡವರು. ಕೆಲಸ ಬಿಟ್ಟು ವಿಶ್ರಾಂತಿಗೆ ಹೋಗಬೇಕೆಂದಿದ್ದವರು ಅದನ್ನು ಮುಂದಕ್ಕೆ ಹಾಕಿ, ತಮ್ಮನ ಕೆಲಸ ಮುಗಿಸಲು ನಿಂತರು. 1971ರ ಅಕ್ಟೋಬರ್ 1ರಂದು ಬಾಗಿಲು ತೆರೆದಾಗ ರಾಯ್ ಅವರಿಗೆ 78 ವರ್ಷ. ತಮ್ಮನ ಪೂರ್ತಿ ಹೆಸರೇ ಇರಬೇಕೆಂದು ಅದಕ್ಕೆ ‘ವಾಲ್ಟ್ ಡಿಸ್ನಿ ವರ್ಲ್ಡ್’ ಎಂದು ಹೆಸರಿಡಿಸಿದರು. ಅದೇ ಡಿಸೆಂಬರಿನಲ್ಲಿ ಅವರೂ ಹೋದರು. ನಿಮಗಿಂತ ಹಿರಿಯರೊಬ್ಬರು ಹಟ ಹಿಡಿದು ನಿಂತು ಮುಗಿಸಿದ ಜಾಗ ಅದು. ಅಲ್ಲಿ ನಿಮಗೇನು ಕೆಲಸ ಎಂದು ಇನ್ನು ಕೇಳಬೇಡಿ.

ಈಗ ತಯಾರಿಗೆ ಬರೋಣ. ಎಲ್ಲಕ್ಕಿಂತ ಮೊದಲು ಪಾದ. ನೀವು ಇಲ್ಲಿಂದ ಹಾಕಿಕೊಂಡು ಹೋಗುವ ಬಾರುಚಪ್ಪಲಿ ಅಲ್ಲಿ ನಡೆಯುವುದಿಲ್ಲ. ಅಲ್ಲಿಗೆ ಹೋದ ಮೇಲೆ ಮಗ ಕೊಡಿಸುವ ಹೊಸ ಶೂವನ್ನು ಅದೇ ದಿನ ಹಾಕಿಕೊಂಡು ಹೊರಟಿರೋ, ಮಧ್ಯಾಹ್ನದೊಳಗೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿರುತ್ತದೆ. ಹೊರಡುವುದಕ್ಕೆ ಎರಡು ತಿಂಗಳು ಮೊದಲೇ ಒಳ್ಳೆಯ ನಡಿಗೆಯ ಶೂ ಕೊಳ್ಳಿ. ಸಾಯಂಕಾಲ ಕಾಲು ಸ್ವಲ್ಪ ಊದಿರುತ್ತದೆ, ಆ ಹೊತ್ತಿಗೇ ಅಂಗಡಿಗೆ ಹೋಗಿ ಅಳತೆ ನೋಡಿ. ಹತ್ತಿಯ ಕಾಲುಚೀಲ ನಾಲ್ಕು ಜೊತೆ ಇರಲಿ. ಮೊದಲ ವಾರ ಬೀದಿ ಕೊನೆಯವರೆಗೆ, ಎರಡನೆಯ ವಾರ ಪಾರ್ಕಿಗೆ ಎರಡು ಸುತ್ತು, ಹೀಗೆ ಹೆಚ್ಚಿಸುತ್ತಾ ಹೋಗಿ. ನಮ್ಮ ಮೊಮ್ಮಗನ ಫೋನಿನ ಲೆಕ್ಕದಲ್ಲಿ ನಾವು ಒಂದೇ ದಿನ ಹನ್ನೆರಡು ಕಿಲೋಮೀಟರಿಗಿಂತ ಹೆಚ್ಚು ನಡೆದಿದ್ದೆವು. ಮನೆಯಲ್ಲಿ ದೇವರಮನೆಯಿಂದ ಅಡುಗೆಮನೆಗೆ ಓಡಾಡುತ್ತೇನೆ, ಅದೇ ಸಾಕು ಎನ್ನಬೇಡಿ. ಸಾಲದು.

ಆ ಜಾಗದ ಅಳತೆಯೂ ನಿಮಗೆ ಗೊತ್ತಿರಬೇಕು. ಒಟ್ಟು ಸುಮಾರು 25,000 ಎಕರೆ. ಅದರೊಳಗೆ ನಾಲ್ಕು ಬೇರೆ ಬೇರೆ ಉದ್ಯಾನಗಳು: 1971ರ ಮ್ಯಾಜಿಕ್ ಕಿಂಗ್‌ಡಮ್, 1982ರ ಎಪ್ಕಾಟ್, 1989ರಲ್ಲಿ ಶುರುವಾದ ಹಾಲಿವುಡ್ ಸ್ಟುಡಿಯೋಸ್, 1998ರ ಅನಿಮಲ್ ಕಿಂಗ್‌ಡಮ್. ಮಕ್ಕಳು, ಅದರಲ್ಲೂ ನಾಲ್ಕೇ ದಿನ ರಜೆ ಸಿಕ್ಕ ಮಕ್ಕಳು, ಒಂದು ದಿನ ಒಂದು, ಇನ್ನೊಂದು ದಿನ ಎರಡು ಎಂದು ಬಿಗಿಯಾಗಿ ಪಟ್ಟಿ ಹಾಕುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ದುಡ್ಡಿಗೆ ಮಾತ್ರ ಅಲ್ಲ, ಮೊಣಕಾಲಿಗೂ ಸಲ್ಲುತ್ತದೆ. ಒಂದು ದಿನ ಸುತ್ತಾಟ, ಮಾರನೆಯ ದಿನ ಬಿಡುವು ಎಂದು ಟಿಕೆಟ್ ತೆಗೆಯುವ ಮೊದಲೇ ಹೇಳಿ. ತೆಗೆದಾದ ಮೇಲೆ ಹೇಳಿದರೆ ಅವರಿಗೆ ನಷ್ಟ, ನಿಮಗೆ ಮುಜುಗರ. ನಾಲ್ಕನ್ನೂ ನೋಡಬೇಕೆಂದಿಲ್ಲ. ನಮ್ಮ ವಯಸ್ಸಿನವರಿಗೆ ಮ್ಯಾಜಿಕ್ ಕಿಂಗ್‌ಡಮ್ ಮತ್ತು ಎಪ್ಕಾಟ್ ಸಾಕು. ಪ್ರಾಣಿಗಳೆಂದರೆ ಇಷ್ಟವಿದ್ದರೆ ಮೂರನೆಯದು ಅನಿಮಲ್ ಕಿಂಗ್‌ಡಮ್.

ಕಾಲವೂ ಮುಖ್ಯ. ನಮ್ಮಲ್ಲಿ ಹೆಚ್ಚಿನವರು ಮೇ ತಿಂಗಳಲ್ಲಿ ಹೋಗಿ ಅಕ್ಟೋಬರಿಗೆ ವಾಪಸಾಗುತ್ತಾರೆ, ಅಲ್ಲಿನ ಚಳಿಗೆ ಹೆದರಿ. ಆದರೆ ಫ್ಲಾರಿಡಾದ ಬೇಸಿಗೆ ಎಂದರೆ ನಮ್ಮ ಮಂಗಳೂರಿನ ಮೇ ತಿಂಗಳ ಹಾಗೆ. ಬೆವರು ಒಣಗುವುದಿಲ್ಲ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದು ಮಾಮೂಲು, ಮಿಂಚು ಕಂಡರೆ ಹೊರಗಿನ ಆಟಗಳನ್ನು ನಿಲ್ಲಿಸುತ್ತಾರೆ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ ಬೇರೆ. ಮಕ್ಕಳ ಶಾಲೆಯ ರಜೆಗೆ ಹೊಂದಿಕೊಂಡರೆ ಜನವರಿ ಕೊನೆ, ಫೆಬ್ರುವರಿ ಮೊದಲು ಒಳ್ಳೆಯದು. ಬೆಳಗ್ಗೆ ಒಂದು ಸ್ವೆಟರ್ ಬೇಕಾಗುತ್ತದೆ, ಅಷ್ಟೇ. ಬೇಸಿಗೆಯಲ್ಲೇ ಹೋಗಬೇಕಾಗಿ ಬಂದರೆ ಬಾಗಿಲು ತೆರೆಯುವ ಹೊತ್ತಿಗೇ ಒಳಗಿರಿ. ಹನ್ನೆರಡಕ್ಕೆ ರೂಮಿಗೆ ಬಂದು ಉಂಡು ಮಲಗಿ, ಸಂಜೆ ಐದಕ್ಕೆ ಮತ್ತೆ ಹೋಗಿ. ದುಡ್ಡು ಕೊಟ್ಟಿದ್ದೇವೆ, ಒಂದು ನಿಮಿಷವೂ ಬಿಡಬಾರದು ಎಂದು ಬಿಸಿಲಲ್ಲಿ ಸುಟ್ಟುಕೊಳ್ಳುವ ಹಟ ಬೇಡ.

ದುಡ್ಡಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಟಿಕೆಟಿನ ಬೆಲೆ ಕೇಳಿ ನಿಮಗೆ ಎದೆ ಧಸಕ್ ಎನ್ನುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ. ಹತ್ತು ತುಂಬಿದ ಮಗುವಿಗೂ ಎಪ್ಪತ್ತು ತುಂಬಿದ ನಿಮಗೂ ಒಂದೇ ದರ. ಮಕ್ಕಳು ಪ್ರೀತಿಯಿಂದ ಕೊಡಿಸಿದ್ದಾರೆ. ನೀವು ಅಲ್ಲಿ ನಿಂತು ಪ್ರತಿಯೊಂದನ್ನೂ ರೂಪಾಯಿಗೆ ಗುಣಿಸಿ ಜೋರಾಗಿ ಹೇಳಿದರೆ ಅವರ ಬಾಯಿಗೆ ಹೋದ ಐಸ್‌ಕ್ರೀಮೂ ಕಹಿಯಾಗುತ್ತದೆ. ಲೆಕ್ಕ ಮನಸ್ಸಿನಲ್ಲಿರಲಿ. ಉಳಿಸಬೇಕೆಂದಿದ್ದರೆ ಉಳಿಸುವ ಜಾಗ ಬೇರೆ ಇದೆ. ಕೌಂಟರಿನಲ್ಲಿ ಊಟ ಕೊಡುವ ಹೋಟೆಲುಗಳಲ್ಲಿ ಕೇಳಿದರೆ ಒಂದು ಲೋಟ ತಣ್ಣೀರು ಪುಕ್ಕಟೆ ಕೊಡುತ್ತಾರೆ. ಬಾಟಲಿ ನೀರಿಗೆ ದುಡ್ಡು ಸುರಿಯಬೇಕಾಗಿಲ್ಲ. ಮನೆಯ ತಿಂಡಿಯನ್ನೂ ಒಳಗೆ ಬಿಡುತ್ತಾರೆ. ಆದರೆ ಗಾಜಿನ ಶೀಶೆಗೆ ಅನುಮತಿ ಇಲ್ಲ, ಆದ್ದರಿಂದ ಉಪ್ಪಿನಕಾಯಿ ಶೀಶೆಯನ್ನು ಚೀಲಕ್ಕೆ ಹಾಕಬೇಡಿ. ಸೇಬು ಹೆಚ್ಚಲೆಂದು ನೀವು ಯಾವಾಗಲೂ ಇಟ್ಟುಕೊಳ್ಳುವ ಪುಟ್ಟ ಚಾಕುವನ್ನು ರೂಮಿನಲ್ಲೇ ಬಿಡಿ. ಬಾಗಿಲಲ್ಲಿ ತಪಾಸಣೆ ಇದೆ.

ಏನು ಒಯ್ಯಬೇಕು? ಗೊಜ್ಜವಲಕ್ಕಿ. ಹುಣಸೆಹುಳಿ ಹಾಕಿದ್ದು ಸಂಜೆಯವರೆಗೂ ಕೆಡುವುದಿಲ್ಲ. ಚಪಾತಿ ಸುತ್ತಿ ಒಳಗೆ ಚಟ್ನಿಪುಡಿ ತುಪ್ಪ. ಹುರಿಗಡಲೆ, ಒಣದ್ರಾಕ್ಷಿ, ಒಂದೆರಡು ಬಾಳೆಹಣ್ಣು. ಮೊಸರನ್ನ ಬೇಡ, ಆ ಸೆಕೆಗೆ ಹುಳಿಯುತ್ತದೆ. ಹೊರಗೆ ತಿನ್ನುವಾಗ, ನೀವು ಸಸ್ಯಾಹಾರಿಗಳಾದರೆ, ಮೆನುವಿನಲ್ಲಿ ಎಲೆಯ ಗುರುತು ಇರುವುದನ್ನು ನೋಡಿ. ಅದರಲ್ಲಿ ಮಾಂಸವಷ್ಟೇ ಅಲ್ಲ, ಹಾಲು ಮೊಟ್ಟೆಯೂ ಇರುವುದಿಲ್ಲ. ಗುರುತಿಲ್ಲದ್ದಾದರೆ ಕೇಳಿಯೇ ತಿನ್ನಿ. ಅಮೆರಿಕದಲ್ಲಿ ತರಕಾರಿ ಸೂಪು, ಅನ್ನವನ್ನು ಕೂಡ ಕೋಳಿಯ ಸಾರಿನಲ್ಲಿ ಬೇಯಿಸುವುದುಂಟು. ತಿಂದಾದ ಮೇಲೆ ಗೊತ್ತಾಗಿ ಸಂಕಟಪಟ್ಟು, ಪಾಪ, ಕೊಡಿಸಿದ ಸೊಸೆಯನ್ನು ಅನ್ನಬೇಡಿ. ಒಂದು ಸಂಜೆ ಎಲ್ಲರೂ ಸೇರಿ ಬಿಸಿಯಾಗಿ ಉಣ್ಣಬೇಕೆನಿಸಿದರೆ ಅನಿಮಲ್ ಕಿಂಗ್‌ಡಮ್ ಲಾಡ್ಜ್ ಎಂಬ ಹೋಟೆಲಿನೊಳಗೆ ‘ಸನಾ’ ಎಂಬ ಊಟದ ಮನೆ ಇದೆ. ನಾನ್, ಬಗೆಬಗೆಯ ಚಟ್ನಿ ಕೊಡುತ್ತಾರೆ, ಹಗಲಿದ್ದರೆ ಕಿಟಕಿಯಾಚೆ ಜಿರಾಫೆ ಮೇಯುವುದು ಕಾಣುತ್ತದೆ. ಮೊದಲೇ ಜಾಗ ಕಾದಿರಿಸಬೇಕು, ಅದನ್ನು ಮಕ್ಕಳಿಗೆ ಬಿಡಿ.

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ಉಣ್ಣದೆ ಇರುವವರಿಗೂ ಅದು ಅನ್ವಯಿಸುತ್ತದೆ. ಹೊರಡುವ ಮೊದಲು ಪಂಚಾಂಗ ನೋಡಿ. ಏಕಾದಶಿಯೋ ಸಂಕಷ್ಟಿಯೋ ಬಂದು ಒಪ್ಪತ್ತು ಇರುವವರಾದರೆ ಆ ದಿನವನ್ನೇ ಬಿಡುವಿನ ದಿನ ಮಾಡಿಸಿ. ಖಾಲಿ ಹೊಟ್ಟೆಯಲ್ಲಿ ಬಿಪಿ ಮಾತ್ರೆ ನುಂಗಿ ಬಿಸಿಲಲ್ಲಿ ಸಾಲು ನಿಲ್ಲುವುದನ್ನು ಯಾವ ದೇವರೂ ಕೇಳುವುದಿಲ್ಲ.

ನೀರಿನ ವಿಷಯದಲ್ಲಿ ಹೆಂಗಸರಿಗೆ ವಿಶೇಷವಾಗಿ ಹೇಳಬೇಕು. ಹೊರಗೆ ಹೋದರೆ ನೀರು ಕುಡಿಯದೆ ಇರುವುದು ನಮಗೆ ಅಂಟಿಕೊಂಡ ಕೆಟ್ಟ ಚಾಳಿ. ಇಲ್ಲಿ ಬಸ್‌ಸ್ಟ್ಯಾಂಡಿನಲ್ಲಿ, ಜಾತ್ರೆಯಲ್ಲಿ ಶೌಚಾಲಯಕ್ಕೆ ಹೆದರಿ ಹಾಗೆ ಕಲಿತಿದ್ದೇವೆ. ಅಲ್ಲಿ ಆ ಭಯ ಬೇಡ. ಮಾರು ದೂರಕ್ಕೊಂದು ಎನ್ನುವ ಹಾಗೆ ಇವೆ, ಶುಚಿಯಾಗಿವೆ. ನಾನೇ ಮೊದಲ ದಿನ ಬೆಳಗ್ಗೆ ಒಂದು ಲೋಟ ಕಾಫಿ ಕುಡಿದದ್ದು ಬಿಟ್ಟರೆ ಎರಡು ಗಂಟೆಯವರೆಗೆ ಒಂದು ಗುಟುಕು ನೀರು ಮುಟ್ಟಲಿಲ್ಲ. ಸಾಲಿನಲ್ಲಿ ನಿಂತಿದ್ದಂತೆಯೇ ಕಣ್ಣು ಕತ್ತಲಿಟ್ಟು ಕಂಬಿ ಹಿಡಿದು ಕೂತೆ. ಮಗಳು ಅಳುಮುಖ ಮಾಡಿದಳು, ಆಟ ಬಿಟ್ಟು ಎಲ್ಲರೂ ನನ್ನ ಸುತ್ತ ನಿಂತರು. ಪ್ರತಿ ಉದ್ಯಾನದಲ್ಲೂ ಒಂದು ಪ್ರಥಮ ಚಿಕಿತ್ಸೆಯ ಕೇಂದ್ರವಿದೆ, ನರ್ಸ್ ಇರುತ್ತಾರೆ. ಅಲ್ಲಿ ಮಲಗಿಸಿ, ನೀರು ಕುಡಿಸಿ, ಅರ್ಧ ಗಂಟೆ ಆದ ಮೇಲೆ ಕಳುಹಿಸಿಕೊಟ್ಟರು. ಗಂಟೆಗೊಂದು ಲೋಟ ನೀರು ಕುಡಿಯಿರಿ. ಹೃದಯದ್ದೋ ಮೂತ್ರಪಿಂಡದ್ದೋ ತೊಂದರೆ ಇದ್ದು ಡಾಕ್ಟರು ನೀರಿಗೆ ಮಿತಿ ಹಾಕಿದ್ದರೆ ಅವರನ್ನೇ ಕೇಳಿಕೊಂಡು ಹೋಗಿ.

ಇನ್ಸುಲಿನ್ ತೆಗೆದುಕೊಳ್ಳುವವರು ತಂಪು ಚೀಲದಲ್ಲಿ ಒಯ್ಯಿರಿ. ಫ್ರಿಜ್ಜಿನಲ್ಲಿಡಬೇಕಾದ ಔಷಧವನ್ನು ಅದೇ ಪ್ರಥಮ ಚಿಕಿತ್ಸೆಯ ಕೇಂದ್ರದಲ್ಲಿ ಇಟ್ಟುಕೊಡುತ್ತಾರೆ. ಮಾತ್ರೆಗಳ ಹೆಸರು, ಪ್ರಮಾಣ ಎಲ್ಲವನ್ನೂ ಇಂಗ್ಲಿಷಿನಲ್ಲಿ ಒಂದು ಚೀಟಿಯಲ್ಲಿ ಬರೆಸಿ ಪರ್ಸಿನಲ್ಲಿಡಿ. ‘ಬಿಳಿ ಮಾತ್ರೆ ಬೆಳಗ್ಗೆ, ಗುಲಾಬಿ ಮಾತ್ರೆ ರಾತ್ರಿ’ ಎನ್ನುವುದು ನಿಮ್ಮ ಮನೆಯಲ್ಲಿ ನಡೆಯುತ್ತದೆ, ಅಲ್ಲಿನ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಪ್ರವಾಸದ ವಿಮೆ ಮಾಡಿಸುವಾಗ ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ. ಹಳೆಯ ಕಾಯಿಲೆಗೂ ಅದು ಸಲ್ಲುತ್ತದೆಯೇ ಎಂದು ಕೇಳಿಯೇ ಸಹಿ ಹಾಕಿ. ಅಮೆರಿಕದಲ್ಲಿ ಒಂದು ರಾತ್ರಿ ಆಸ್ಪತ್ರೆಯಲ್ಲಿ ಕಳೆದರೆ ಬರುವ ಬಿಲ್ಲು ಇಡೀ ಪ್ರವಾಸದ ಖರ್ಚನ್ನು ಮೀರಬಹುದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೋದರೆ ಆದೀತೆ?

ಈಗ ನಿಮಗೆ ಅತ್ಯಂತ ಕಷ್ಟವಾಗುವ ಮಾತು: ಗಾಲಿಕುರ್ಚಿ. “ನನಗೇನು ಕೈಕಾಲು ಬಿದ್ದುಹೋಗಿದೆಯಾ?” ಎಂದು ರೇಗಬೇಡಿ. ಬಾಗಿಲ ಹತ್ತಿರವೇ ಬಾಡಿಗೆಗೆ ಕೊಡುತ್ತಾರೆ. ಮನೆಯಲ್ಲಿ ಚೆನ್ನಾಗಿಯೇ ಓಡಾಡುವ ಎಷ್ಟೋ ಹಿರಿಯರು ಅಲ್ಲಿ ಅದರಲ್ಲಿ ಕೂತು ಓಡಾಡುವುದನ್ನು ನೋಡಿದ್ದೇನೆ, ಯಾರೂ ತಿರುಗಿ ನೋಡುವುದಿಲ್ಲ. ಎಪ್ಕಾಟಿನಲ್ಲಿ ಒಂದು ದೊಡ್ಡ ಕೆರೆಯ ಸುತ್ತ ಹನ್ನೊಂದು ದೇಶಗಳ ಬೀದಿ, ಮನೆಗಳನ್ನು ಕಟ್ಟಿದ್ದಾರೆ. ನಮ್ಮ ದೇಶ ಅದರಲ್ಲಿಲ್ಲ. ಸುತ್ತು ಬರಲು ಹತ್ತಿರ ಹತ್ತಿರ ಎರಡು ಕಿಲೋಮೀಟರ್, ಅಂಗಡಿ ಒಳಗೆ ಹೊಕ್ಕು ಬರುವುದು ಬೇರೆ. ಅರ್ಧದಲ್ಲಿ ಮಂಡಿ ಕೈಕೊಟ್ಟರೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬೆಳಗ್ಗೆಯೇ ಕುರ್ಚಿ ತೆಗೆದುಕೊಳ್ಳಿ. ಆಗುವಷ್ಟು ಹೊತ್ತು ನೀವೇ ತಳ್ಳಿಕೊಂಡು ನಡೆಯಿರಿ, ಸಾಕಾದಾಗ ಕೂತುಕೊಳ್ಳಿ. ಮೊಮ್ಮಗನಿಗೆ ಹದಿನೈದು ಹದಿನಾರು ವರ್ಷವಾಗಿದ್ದರೆ ತಳ್ಳಲು ಅವನಿಗೇ ಹೇಳಿ. ಹಾಗೆ ತಳ್ಳುತ್ತಾ ಬರುವಾಗ ಅವನು ನಿಮ್ಮ ಜೊತೆ ಆಡುವಷ್ಟು ಮಾತು ಮನೆಯಲ್ಲಿ ಒಂದು ತಿಂಗಳು ಕೂತರೂ ಆಡುವುದಿಲ್ಲ. ಬ್ಯಾಟರಿಯ ಸ್ಕೂಟರುಗಳೂ ಬಾಡಿಗೆಗೆ ಸಿಗುತ್ತವೆ. ಅಭ್ಯಾಸವಿಲ್ಲದವರು ಜನಜಂಗುಳಿಯಲ್ಲಿ ಮೊದಲ ಸಲ ಓಡಿಸುವ ಸಾಹಸ ಮಾಡಬೇಡಿ.

ಆಟಗಳಿಗೆ ಬರೋಣ. ಇಲ್ಲಿ ಎರಡು ಬಗೆಯ ತಪ್ಪು ಮಾಡುವವರಿದ್ದಾರೆ. ಒಬ್ಬರು ಎಲ್ಲಕ್ಕೂ ಬೇಡ ಎನ್ನುತ್ತಾರೆ. ಇನ್ನೊಬ್ಬರು, ಹೆಚ್ಚಾಗಿ ಗಂಡಸರು, ಮೊಮ್ಮಗ “ಏನೂ ಆಗಲ್ಲ ಬಾ ತಾತ” ಎಂದ ಕೂಡಲೇ ಹೊರಟುಬಿಡುತ್ತಾರೆ, ಬೈಪಾಸ್ ಆಗಿರುವುದೂ ನೆನಪಿಲ್ಲದೆ. ದೂರದ ಬೆಟ್ಟ ನುಣ್ಣಗೆ ಎನ್ನುವುದಕ್ಕೆ ಅಲ್ಲೊಂದು ಬೆಟ್ಟವೇ ಇದೆ. ಸ್ಪೇಸ್ ಮೌಂಟನ್ ಎಂದು ಹೆಸರು. ಹೊರಗಿನಿಂದ ಬೆಳ್ಳಗೆ ಶಾಂತವಾದ ಗುಮ್ಮಟದ ಹಾಗೆ ಕಾಣುತ್ತದೆ. ಒಳಗೆ ಕಗ್ಗತ್ತಲಲ್ಲಿ ಏರಿ, ಇಳಿದು, ಎಳೆದಾಡುವ ರೋಲರ್ ಕೋಸ್ಟರ್. ಪ್ರತಿ ಆಟದ ಬಾಗಿಲಲ್ಲೂ ಫಲಕವಿದೆ. ರಕ್ತದೊತ್ತಡ, ಹೃದಯ, ಬೆನ್ನು, ಕತ್ತಿನ ತೊಂದರೆ ಇರುವವರು ಬೇಡ ಎಂದು ಬರೆದಿದ್ದರೆ ಅದು ನಿಮಗಾಗಿಯೇ ಬರೆದದ್ದು. ಓದಲು ಕನ್ನಡಕ ಬೇಕಾದರೆ ಹಾಕಿಕೊಂಡು ಓದಿ. ಅನಿಮಲ್ ಕಿಂಗ್‌ಡಮ್ಮಿನ ಸಫಾರಿ ಕೂಡ ಹೆಸರಿಗಷ್ಟೇ ಸಾಧು. ತೆರೆದ ಲಾರಿ, ಬೇಕೆಂದೇ ಗುಂಡಿ ಮಾಡಿದ ಹಾದಿ. ಸೊಂಟದ ನೋವಿರುವವರು ಯೋಚಿಸಿ. ಅದರ ಬದಲು ಪಕ್ಕದ ಏಷ್ಯಾ ಭಾಗದಲ್ಲಿ ‘ಮಹಾರಾಜ ಜಂಗಲ್ ಟ್ರೆಕ್’ ಎಂಬ ಕಾಲುದಾರಿ ಇದೆ. ಪಾಳುಬಿದ್ದ ಅರಮನೆಯಂತೆ ಕಟ್ಟಿದ ಗೋಡೆಗಳ ನಡುವೆ ಹುಲಿ ಮಲಗಿರುತ್ತದೆ. ನಿಧಾನವಾಗಿ ನಡೆದುಕೊಂಡೇ ನೋಡಬಹುದು.

ನಿಮಗೆ ಧೈರ್ಯವಾಗಿ ಹೇಳಬಲ್ಲ ಆಟಗಳಿವೆ. ಉದ್ಯಾನವನ್ನೇ ಸುತ್ತಿ ಬರುವ ಉಗಿಬಂಡಿ. ದೇಶ ದೇಶದ ಉಡುಗೆ ತೊಟ್ಟ ಬೊಂಬೆಗಳ ನಡುವೆ ದೋಣಿಯಲ್ಲಿ ತೇಲುವ ‘ಇಟ್ಸ್ ಎ ಸ್ಮಾಲ್ ವರ್ಲ್ಡ್’, ಅದರಲ್ಲಿ ನಮ್ಮ ತಾಜಮಹಲೂ ಬರುತ್ತದೆ. ಎಪ್ಕಾಟಿನ ‘ಲಿವಿಂಗ್ ವಿತ್ ದ ಲ್ಯಾಂಡ್’ ಅಂತೂ ಹೊಲ ತೋಟ ಕಂಡ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. ದೋಣಿಯಲ್ಲಿ ಕೂತು ಗಾಜಿನ ಮನೆಗಳೊಳಗೆ ಹೋಗುತ್ತೀರಿ. ಮಣ್ಣೇ ಇಲ್ಲದೆ ಬೆಳೆಸಿದ ಟೊಮೇಟೊ, ಬದನೆ, ಗೊನೆ ಬಿಟ್ಟ ಬಾಳೆ. ನಮ್ಮ ಬೀಗರು ಮಂಡ್ಯದ ಕಡೆಯ ರೈತರು, ಅಲ್ಲಿಯವರೆಗೆ ಎಲ್ಲಕ್ಕೂ ಸುಮ್ಮನೆ ತಲೆ ಆಡಿಸುತ್ತಿದ್ದವರು ಆ ದೋಣಿಯಿಂದ ಇಳಿದು ಮತ್ತೊಮ್ಮೆ ಸಾಲಿನಲ್ಲಿ ನಿಂತರು. ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆ ಮೇಲು ಎಂದು ಮೊಮ್ಮಕ್ಕಳಿಗೆ ಅರ್ಥವಾದದ್ದು ಅವತ್ತೇ ಇರಬೇಕು. ಅವರ ಸುತ್ತ ನಿಂತು ಒಂದೊಂದು ಬೇರಿನ ಬಗ್ಗೆಯೂ ಕೇಳಿದರು.

ಆದರೆ ನೀವು ಬಿಡಲೇಬಾರದ ಒಂದಿದೆ. ಮ್ಯಾಜಿಕ್ ಕಿಂಗ್‌ಡಮ್ಮಿನಲ್ಲಿರುವ ‘ಕ್ಯಾರೊಸೆಲ್ ಆಫ್ ಪ್ರೋಗ್ರೆಸ್’. 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆಂದು ಮಾಡಿದ್ದು, 1975ರಿಂದ ಅಲ್ಲಿದೆ. ತಂಪಾದ ಸಭಾಂಗಣ, ಮೆತ್ತನೆಯ ಕುರ್ಚಿ, ಗಾಲಿಕುರ್ಚಿಯಿಂದ ಇಳಿಯಬೇಕಾಗಿಯೂ ಇಲ್ಲ. ವೇದಿಕೆ ನಿಂತಲ್ಲೇ ಇರುತ್ತದೆ, ನಾವು ಕೂತ ಸಾಲುಗಳೇ ಒಂದು ದೃಶ್ಯದಿಂದ ಇನ್ನೊಂದಕ್ಕೆ ತಿರುಗುತ್ತವೆ. ಒಂದೇ ಸಂಸಾರದ ಮನೆ, ಅದೇ ಅಡುಗೆಮನೆ, ಕಾಲ ಮಾತ್ರ ಬದಲಾಗುತ್ತಾ ಹೋಗುತ್ತದೆ. ಮೊದಲು ಕೈಪಂಪು, ಮಂಜುಗಡ್ಡೆಯ ಪೆಟ್ಟಿಗೆ, ಗಂಟೆಗಟ್ಟಲೆ ಬಟ್ಟೆ ಒಗೆಯುವ ಮಾತು. ಆಮೇಲೆ ವಿದ್ಯುತ್ ದೀಪ. ಆಮೇಲೆ ಫ್ರಿಜ್ಜು, ಟಿವಿ. ಕೊನೆಗೆ ಮಾತು ಕೇಳುವ ಒಲೆ. ನನ್ನ ಪಕ್ಕ ಕೂತ ಮೊಮ್ಮಗಳಿಗೆ ಕತ್ತಲಲ್ಲಿ ಕಿವಿಯ ಹತ್ತಿರ ಹೇಳುತ್ತಾ ಹೋದೆ. ನಮ್ಮಮ್ಮ ಒರಳಲ್ಲಿ ಇಡ್ಲಿಗೆ ರುಬ್ಬುವಾಗ ನಾನು ಪಕ್ಕದಲ್ಲಿ ಕೂತು ಕೈಯಿಂದ ಹಿಟ್ಟು ತಳ್ಳುತ್ತಿದ್ದೆ, ಬೆರಳು ಗುಂಡುಕಲ್ಲಿಗೆ ಸಿಕ್ಕದಂತೆ. ಸೌದೆ ಒಲೆಯ ಹೊಗೆಗೆ ಕಣ್ಣು ಕೆಂಪಾಗುತ್ತಿತ್ತು. ಆಮೇಲೆ ಸೀಮೆಎಣ್ಣೆ ಸ್ಟವ್ ಬಂತು, ಪಡಿತರದ ಸಾಲು ಬಂತು. ಗ್ಯಾಸ್ ಬಂದ ದಿನ ಅಮ್ಮ ಸಿಲಿಂಡರಿಗೆ ಅರಿಶಿನ ಕುಂಕುಮ ಹಚ್ಚಿದಳು. ಮೊಮ್ಮಗಳು ವೇದಿಕೆ ನೋಡುವುದನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದಳು. ಹೊರಗೆ ಬಂದವಳೇ ನನ್ನ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

ಕೆಲವು ಆಟಗಳಲ್ಲಿ ಚಲಿಸುವ ಪಟ್ಟಿಯ ಮೇಲೆ ಹೆಜ್ಜೆಯಿಟ್ಟು ಬಂಡಿ ಹತ್ತಬೇಕು. ವಿಮಾನ ನಿಲ್ದಾಣದ ಎಸ್ಕಲೇಟರಿಗೆ ಹೆದರುವವರಿಗೆ ಅಲ್ಲಿ ಎದೆ ಬಡಿದುಕೊಳ್ಳುತ್ತದೆ. ಹೇಳಿದರೆ ನಿಧಾನ ಮಾಡುತ್ತಾರೆ, ಬೇಕಾದರೆ ನಿಲ್ಲಿಸಿಯೂ ಹತ್ತಿಸುತ್ತಾರೆ. ಕೇಳಬೇಕು ಅಷ್ಟೇ. ಬಾಯಿದ್ದವನು ಬರಗಾಲದಲ್ಲೂ ಬದುಕಿದ. ಇಂಗ್ಲಿಷ್ ಬಾರದಿದ್ದರೆ ಕೈಸನ್ನೆಯಲ್ಲೇ ‘ನಿಧಾನ’ ಎನ್ನಿ, ಅರ್ಥವಾಗುತ್ತದೆ. ಸೀರೆ ಉಡುವವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಿನ್ ಹಾಕಿ. ಸಾಧ್ಯವಾದರೆ ಸುತ್ತಾಟದ ದಿನಗಳಲ್ಲಿ ಚೂಡಿದಾರ ಹಾಕಿಕೊಳ್ಳಿ, ಮನೆ ದೇವರು ಮುನಿಯುವುದಿಲ್ಲ. ನೀರಿನ ಆಟಕ್ಕೆ ಹೋಗುವ ಮೊದಲು ಕಿವಿಯ ಯಂತ್ರ ತೆಗೆದು ಡಬ್ಬಿಗೆ ಹಾಕಿ. ಕಟ್ಟಿಸಿದ ಹಲ್ಲಿನವರು ಕುಲುಕುವ ಆಟಗಳಲ್ಲಿ ಬಾಯಿ ತೆರೆದು ಕಿರುಚಬೇಡಿ.

ಮಗು ಚಿಕ್ಕದೆಂದು ಪ್ರತಿ ಸಲವೂ “ನೀವಿಬ್ಬರೂ ಹೋಗಿ ಬನ್ನಿ, ನಾನು ಎತ್ತಿಕೊಂಡಿರ್ತೀನಿ” ಎನ್ನಬೇಡಿ. ಎತ್ತರ ಸಾಲದ ಮಗುವಿನ ಜೊತೆ ತಂದೆ ಹೊರಗೆ ನಿಂತು, ತಾಯಿ ಬಂದ ಮೇಲೆ ಮತ್ತೆ ಮೊದಲಿನಿಂದ ಸಾಲು ನಿಲ್ಲದೆ ಹೋಗುವ ಏರ್ಪಾಡು ಅಲ್ಲಿದೆ. ರೈಡರ್ ಸ್ವಿಚ್ ಎನ್ನುತ್ತಾರೆ. ಒಂದೆರಡು ಸಲ ಮಗುವನ್ನು ನೋಡಿಕೊಳ್ಳಿ, ಪ್ರೀತಿಯಿಂದ. ಇಡೀ ದಿನ ಅದೇ ನಿಮ್ಮ ಪಾಲಿಗೆ ಬಂದ ಕೆಲಸ ಎಂದುಕೊಳ್ಳಬೇಡಿ.

ಹತ್ತು ಹನ್ನೆರಡು ಜನ ಒಂದೇ ಸೂರಿನಡಿ ಐದು ದಿನ ಇರುವುದು ಆಟಗಳಿಗಿಂತ ಕಷ್ಟ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದರೆ ಖರ್ಚು ಉಳಿಯುತ್ತದೆ ನಿಜ. ಆದರೆ ರಾತ್ರಿ ಹನ್ನೊಂದಕ್ಕೆ ಬಂದು ಹೆಂಗಸರು ಮಾತ್ರ ಮೂವತ್ತು ಚಪಾತಿ ಲಟ್ಟಿಸುತ್ತಾ ನಿಂತರೆ ಅದು ರಜೆಯೇ? ಮೊದಲ ದಿನವೇ ಹೇಳಿ, ಬೆಳಗಿನ ಕಾಫಿ ನನ್ನದು, ರಾತ್ರಿಯ ಪಾತ್ರೆ ಅಳಿಯಂದಿರದು. ಅಳಿಯನಿಗೆ ಪಾತ್ರೆ ತೊಳೆಯಲು ಹೇಳುವುದೇ ಎಂದು ನಾಲಿಗೆ ಕಚ್ಚಿಕೊಳ್ಳಬೇಡಿ. ಅವರು ದಿನವೂ ತೊಳೆಯುವವರೇ. ಖರ್ಚನ್ನು ಅಣ್ಣ ತಂಗಿಯರು ಹೊರಡುವ ಮೊದಲೇ ಮಾತಾಡಿಕೊಳ್ಳಲಿ, ನೀವು ನಡುವೆ ಹೋಗಬೇಡಿ. ಬೀಗರ ಎದುರು “ನಮ್ಮ ಕಡೆ ಹೀಗಿಲ್ಲಪ್ಪ” ಎನ್ನುವ ರಾಗ ಬೇಡವೇ ಬೇಡ. ಎಲ್ಲರ ಮನೆ ದೋಸೆಯೂ ತೂತೇ. ಬೀಗಿತ್ತಿಗೆ ಬೆಳಗ್ಗೆ ಬಿಸಿನೀರು ಮೊದಲು ಬೇಕಾದರೆ ಬಿಟ್ಟುಕೊಡಿ.

ಅಂಗಡಿಗಳಲ್ಲಿ ಮೊಮ್ಮಕ್ಕಳು ಹಟ ಮಾಡುತ್ತಾರೆ. ಅಪ್ಪ ಅಮ್ಮ ಬೇಡವೆಂದದ್ದನ್ನು ನೀವು ಹಿಂದಿನಿಂದ ಕೊಡಿಸಿದರೆ ಮಗುವಿಗೆ ಒಂದು ದಿನದ ಸಂತೋಷ, ಮಗಳಿಗೆ ವರ್ಷದ ತಲೆನೋವು. ಹೊರಡುವ ಮೊದಲೇ ಪ್ರತಿ ಮೊಮ್ಮಗುವಿಗೂ ಇಷ್ಟು ಎಂದು ಒಂದೇ ಮೊತ್ತ ಲಕೋಟೆಯಲ್ಲಿಟ್ಟು ಕೊಡಿ. ಮಗನ ಮಕ್ಕಳಿಗೂ ಮಗಳ ಮಕ್ಕಳಿಗೂ ಒಂದೇ. ಮಕ್ಕಳು ಅದನ್ನು ಮರೆಯುವುದಿಲ್ಲ, ಸೊಸೆಯರಂತೂ ಮರೆಯುವುದೇ ಇಲ್ಲ.

ತಪ್ಪಿಸಿಕೊಳ್ಳುವುದು ಮಕ್ಕಳು ಮಾತ್ರವಲ್ಲ, ನಾವೂ. ಮಗನ ಫೋನ್ ನಂಬರು ನಿಮ್ಮ ಫೋನಿನಲ್ಲಿದ್ದರೆ ಸಾಲದು, ಬ್ಯಾಟರಿ ಸಂಜೆಗೆ ಮುಗಿದಿರುತ್ತದೆ. ಕಾಗದದ ಮೇಲೆ ಬರೆದು ಜೇಬಿನಲ್ಲಿಡಿ, ಹೋಟೆಲಿನ ಹೆಸರೂ ಇರಲಿ. ತಪ್ಪಿಸಿಕೊಂಡರೆ ಇಂಥ ಕಡೆ ಸೇರೋಣ ಎಂದು ಒಳಗೆ ಹೋದ ಕೂಡಲೇ ಒಂದು ಜಾಗ ಗೊತ್ತು ಮಾಡಿ. ತಪ್ಪಿಸಿಕೊಂಡಿರಿ ಎನಿಸಿದರೆ ಹುಡುಕುತ್ತಾ ಅಲೆಯಬೇಡಿ. ಕೆಲಸದವರ ಎದೆಯ ಮೇಲೆ ಹೆಸರಿನ ಬಿಲ್ಲೆ ಇರುತ್ತದೆ, ಹೆಸರಿನ ಕೆಳಗೆ ಅವರ ಊರೂ ಇರುತ್ತದೆ. ಆ ಬಿಲ್ಲೆ ಕಂಡವರಿಗೆ ಚೀಟಿ ತೋರಿಸಿ.

ರಾತ್ರಿ ಮ್ಯಾಜಿಕ್ ಕಿಂಗ್‌ಡಮ್ಮಿನ ಕೋಟೆಯ ಮೇಲೆ ಬಾಣಬಿರುಸು ಇರುತ್ತದೆ. ನೋಡಲೇಬೇಕಾದದ್ದು. ಶಬ್ದ ಜೋರು, ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಮುಗಿದ ಕೂಡಲೇ ಸಾವಿರಾರು ಜನ ಒಟ್ಟಿಗೆ ಬಾಗಿಲಿಗೆ ನುಗ್ಗುತ್ತಾರೆ. ನೀವು ಏಳಬೇಡಿ. ಅರ್ಧ ಗಂಟೆ ಅಲ್ಲೇ ಕೂತು ಉಳಿದ ಹುರಿಗಡಲೆ ತಿನ್ನಿ. ಮಕ್ಕಳು ಆತುರಪಡಿಸಿದರೂ ಕದಲಬೇಡಿ. ಆಮೇಲೆ ದೋಣಿಯಲ್ಲಿ ಕೆರೆ ದಾಟಿ ಕಾರು ನಿಲ್ಲಿಸಿದ ಕಡೆಗೆ ಬನ್ನಿ, ಗಾಳಿ ತಣ್ಣಗಿರುತ್ತದೆ. ರೂಮ್ ಸೇರಿದ ಮೇಲೆ ಒಂದು ಬಕೆಟ್ಟಿಗೆ ಬಿಸಿನೀರು, ಹಿಡಿ ಉಪ್ಪು, ಹತ್ತು ನಿಮಿಷ ಪಾದ ಇಳಿಬಿಡಿ. ಸಕ್ಕರೆ ಕಾಯಿಲೆಯವರು ಪಾದ ನೆನೆಸುವುದು ಬೇಡ, ಬೇರೆಯವರ ಕೈಯಲ್ಲಿ ಬಿಸಿ ನೋಡಿಸಿದ ನೀರಿನಲ್ಲಿ ತೊಳೆದು ಬೆರಳ ಸಂದಿ ಒರೆಸಿ, ಬೊಬ್ಬೆ ಇದೆಯೇ ನೋಡಿಸಿಕೊಳ್ಳಿ.

ಮುಂದಿನ ವರ್ಷ ನಾವು ಮತ್ತೆ ಹೋದೆವು. ಈ ಸಲ ನಮ್ಮ ಮನೆಯವರನ್ನು ಬೆಂಚಿನ ಹತ್ತಿರಕ್ಕೂ ಬಿಡಲಿಲ್ಲ. ಬ್ಯಾಗೆಲ್ಲ ಲಾಕರಿಗೆ ಹೋಯಿತು. ಬೊಂಬೆಗಳ ದೋಣಿಯಲ್ಲಿ ಮೊದಲ ಸಾಲಿನಲ್ಲಿ, ಮೊಮ್ಮಗಳ ಪಕ್ಕ ಕೂತರು. ಆ ಫೋಟೊ ಈಗ ಮೈಸೂರಿನ ನಮ್ಮ ಹಜಾರದಲ್ಲಿದೆ. ಅವರು ಕ್ಯಾಮೆರಾ ನೋಡುತ್ತಿಲ್ಲ. ಮೇಲೆಲ್ಲೋ ತೂಗುವ ಬೊಂಬೆಯನ್ನು ಮೊಮ್ಮಗಳು ಬೆರಳು ಮಾಡಿ ತೋರಿಸುತ್ತಿದ್ದಾಳೆ, ಇಬ್ಬರ ಬಾಯಿಯೂ ತೆರೆದಿದೆ.

ಮಗಳಿಗೆ ಇವತ್ತೇ ಫೋನ್ ಮಾಡಿ ‘ಬರ್ತೀವಿ’ ಎನ್ನಿ. ‘ನಮಗೇನೂ ಬೇಡ’ ಎಂಬ ಬಾಲ ಸೇರಿಸಬೇಡಿ. ಬಿಡುವಿನ ದಿನ ಬೇಕು, ಗಾಲಿಕುರ್ಚಿ ಬೇಕು, ಎಲೆ ಗುರುತಿನ ಊಟ ಬೇಕು ಎಂದು ಒಂದೊಂದಾಗಿ ಹೇಳಿ, ಅವಳು ಬರೆದುಕೊಳ್ಳಲಿ. ಅದಾದ ಮೇಲೆ ಅಂಗಡಿ ಮುಚ್ಚುವ ಮೊದಲು ಹೋಗಿ ಶೂ ತನ್ನಿ.